ಒಂದು ಮುಚ್ಚಳಿಕೆಯ ಕಥೆ

ಮುಚ್ಚಳಿಕೆ ಎಂಬುದು ನಮ್ಮ ಹಳೆಯ ಕಚೇರಿಗಳ ಮಾತು. ಅಮಲ್ದಾರರ ಎದುರಿಗೂ ಪೊಲೀಸು ಠಾಣೆಯಲ್ಲಿಯೂ ಜನ ಮುಚ್ಚಳಿಕೆ ಬರೆದುಕೊಡುತ್ತಿದ್ದರು, ಇಂದಿಗೂ ಕೊಡುತ್ತಾರೆ. 'ಇನ್ನು ಮುಂದೆ ಹೀಗೆ ಮಾಡುವುದಿಲ್ಲ' ಎಂದೋ 'ನಾನು ಅಂಥವನಲ್ಲ' ಎಂದೋ ಬರೆದು ಕೆಳಗೆ ರುಜು ಹಾಕಿದರೆ ಮುಗಿಯಿತು. ಈ ಶಬ್ದಕ್ಕೂ ಕನ್ನಡದ 'ಮುಚ್ಚು' ಧಾತುವಿಗೂ ವ್ಯುತ್ಪತ್ತಿಯ ಸಂಬಂಧವೇನೂ ಇಲ್ಲ. ಅದು ಪರಭಾಷೆಯಿಂದ ದಫ್ತರದ ದಾರಿ ಹಿಡಿದು ಬಂದದ್ದು. ಆದರೂ ಕನ್ನಡ ಕಿವಿಗೆ ಅದರೊಳಗೆ ಬಾಯಿ ಮುಚ್ಚಿಸುವ ದನಿಯೊಂದು ಕೇಳಿಸದೆ ಇರದು.

ಇಂಥ ಒಂದು ಮುಚ್ಚಳಿಕೆಯ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದು ನಡೆದದ್ದು ಸರ್ವಾಧಿಕಾರಿಯೊಬ್ಬನ ನಾಡಿನಲ್ಲಲ್ಲ. ಕಾಲಕಾಲಕ್ಕೆ ಚುನಾವಣೆ ನಡೆಯುವ, ಪತ್ರಿಕೆಗಳು ತಮಗೆ ತೋರಿದ್ದನ್ನು ಬರೆಯುವ, ನ್ಯಾಯಾಲಯಗಳು ಸರ್ಕಾರದ ವಿರುದ್ಧವೂ ತೀರ್ಪು ಕೊಡಬಲ್ಲ ನಾಡಿನಲ್ಲಿ. ಸರ್ವಾಧಿಕಾರದ ಕೆಳಗೆ ಪತ್ರಿಕೆಯೂ ವಿದ್ಯಾಪೀಠವೂ ಹೇಗೆ ನಾಶವಾಗುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ. ಪ್ರಜಾಪ್ರಭುತ್ವದಲ್ಲಿ ಅವು ಹೇಗೆ ಸೊರಗುತ್ತವೆಂಬುದನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಅಲ್ಲಿ ಯಾರೂ ಬಾಗಿಲು ಒಡೆದು ಒಳಕ್ಕೆ ಬರುವುದಿಲ್ಲ. ಒಂದು ಕಾಗದ ಮೇಜಿನ ಮೇಲೆ ಬಂದು ಕೂರುತ್ತದೆ, ಅಷ್ಟೆ.

ಎರಡನೆಯ ಮಹಾಯುದ್ಧ ಮುಗಿದು ನಾಲ್ಕು ವರ್ಷ ಸಂದಿರಲಿಲ್ಲ. ಯುದ್ಧದಲ್ಲಿ ಮಿತ್ರನಾಗಿದ್ದ ಸೋವಿಯತ್ ರಷ್ಯ ಆಗಲೇ ಅಮೆರಿಕಕ್ಕೆ ಶತ್ರುವಾಗಿತ್ತು. ಕ್ಯಾಲಿಫೋರ್ನಿಯ ರಾಜ್ಯದ ಶಾಸನಸಭೆಯಲ್ಲಿ ಕಮ್ಯೂನಿಸ್ಟರನ್ನು ಹುಡುಕಿ ಹೊರಗಟ್ಟುವ ಮಸೂದೆಗಳು ಒಂದರ ಮೇಲೊಂದು ಬರುತ್ತಿದ್ದವು. ಆ ರಾಜ್ಯದ ವಿಶ್ವವಿದ್ಯಾನಿಲಯಕ್ಕೆ ರಾಬರ್ಟ್ ಸ್ಪ್ರೌಲ್ ಎಂಬವರು ಅಧ್ಯಕ್ಷರು. ಸಭೆಯವರು ನಮ್ಮ ಮೇಲೆ ಏರಿ ಬರುವುದಕ್ಕೆ ಮುಂಚೆ ನಾವೇ ಒಂದು ಪ್ರತಿಜ್ಞಾಪತ್ರವನ್ನು ಬರೆಯಿಸಿಕೊಂಡುಬಿಟ್ಟರೆ ಗಂಡಾಂತರ ತಪ್ಪೀತು ಎಂದು ಅವರು ಎಣಿಸಿದ್ದಿರಬೇಕು. ೧೯೪೯ರ ಮಾರ್ಚ್ ೨೫ರಂದು ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿ ಆ ಸಲಹೆಯನ್ನು ಒಪ್ಪಿತು. ಒಪ್ಪಿದವರು ದುಷ್ಟರಾಗಿರಲಿಲ್ಲ. ವಿದ್ಯಾಸಂಸ್ಥೆಯನ್ನು ಕಾಪಾಡಬೇಕೆಂಬ ಎಚ್ಚರಿಕೆಯಿಂದಲೇ ಅವರು ಅದರ ತಳಪಾಯಕ್ಕೆ ಕೈ ಹಾಕಿದರು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸಂವಿಧಾನಕ್ಕೆ ನಿಷ್ಠರಾಗಿರುವೆವೆಂಬ ಪ್ರಮಾಣವಚನವನ್ನು ಆ ಅಧ್ಯಾಪಕರು ೧೯೪೨ರಿಂದಲೂ ಕೊಡುತ್ತಲೇ ಇದ್ದರು. ಅದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಹೊಸ ಪತ್ರ ಬೇರೆ ಜಾತಿಯದು. ತಾನು ಇಂಥ ಪಕ್ಷಕ್ಕೆ ಸೇರಿದವನಲ್ಲ, ಇಂಥ ತತ್ತ್ವವನ್ನು ನಂಬುವವನಲ್ಲ ಎಂದು ಪ್ರತಿಯೊಬ್ಬನೂ ಬರೆದುಕೊಡಬೇಕು. ಕೊಡದಿದ್ದವನಿಗೆ ಮುಂದಿನ ವರ್ಷದ ನೇಮಕವಿಲ್ಲ. ಮೊದಲನೆಯದು ಕರ್ತವ್ಯದ ಮಾತು. ಎರಡನೆಯದು ಸಂಶಯದ ಮಾತು. ಮೊದಲನೆಯದು ಮನುಷ್ಯನನ್ನು ನಂಬಿ ಕೆಲಸಕ್ಕೆ ಕರೆಯುತ್ತದೆ. ಎರಡನೆಯದು ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ, ಆರೋಪವನ್ನೇ ಹೇಳದೆ, ನಿರಪರಾಧಿಯೆಂದು ತೋರಿಸಿಕೋ ಎನ್ನುತ್ತದೆ.

ಆ ಕಾಲದ ಭಯಕ್ಕೆ ಆಧಾರವೇ ಇರಲಿಲ್ಲವೆಂದು ಹೇಳಿದರೆ ನ್ಯಾಯವಾಗದು. ೧೯೪೯ರ ಆಗಸ್ಟಿನಲ್ಲಿ ರಷ್ಯ ತನ್ನ ಮೊದಲ ಅಣುಬಾಂಬನ್ನು ಸಿಡಿಸಿತು. ಅಕ್ಟೋಬರ್ ಒಂದರಂದು ಚೀನ ಕಮ್ಯೂನಿಸ್ಟರ ಕೈಗೆ ಬಂತು. ಮರುವರ್ಷ ಕ್ಲೌಸ್ ಫುಕ್ಸ್ ಎಂಬ ಭೌತವಿಜ್ಞಾನಿ ಬಾಂಬಿನ ಗುಟ್ಟನ್ನು ರಷ್ಯಕ್ಕೆ ಕೊಟ್ಟೆನೆಂದು ಇಂಗ್ಲೆಂಡಿನಲ್ಲಿ ಒಪ್ಪಿಕೊಂಡ. ಗೂಢಚಾರರು ಇದ್ದದ್ದು ನಿಜ. ಆದರೆ ಪ್ರಶ್ನೆ ಇದು: ಗೂಢಚಾರನನ್ನು ಮುಚ್ಚಳಿಕೆ ಹಿಡಿಯಬಲ್ಲದೆ? ದೇಶವನ್ನೇ ಮಾರಲು ಹೊರಟವನಿಗೆ ಒಂದು ಸುಳ್ಳು ರುಜು ಭಾರವೆ? ಅವನು ಎಲ್ಲರಿಗಿಂತ ಮೊದಲು ಲೇಖನಿಯನ್ನು ಎತ್ತಿಕೊಳ್ಳುತ್ತಾನೆ. ಆ ಕಾಗದದ ಮುಂದೆ ಕೈ ನಡುಗಿ ನಿಲ್ಲುವವನು, ತಾನು ಬರೆದ ಮಾತಿಗೆ ಬೆಲೆಯುಂಟೆಂದು ತಿಳಿದವನೊಬ್ಬನೇ. ಕಾಳನ್ನು ಚೆಲ್ಲಿ ಜೊಳ್ಳನ್ನು ಉಳಿಸಿಕೊಳ್ಳುವ ವಿಚಿತ್ರವಾದ ಮೊರ ಅದು.

ಬಹುಮಂದಿ ಅಧ್ಯಾಪಕರು ಸಹಿ ಹಾಕಿದರು. ಅವರನ್ನು ಹಳಿಯುವ ಹಕ್ಕು ನಮಗಿಲ್ಲ. ಮನೆ, ಮಕ್ಕಳ ಓದು, ತೀರದ ಸಾಲ, ಈಚೆಗಷ್ಟೆ ದೊರೆತ ಕೆಲಸ - ಇವು ಯಾವ ದೇಶದಲ್ಲಿಯೂ ಹಗುರವಾದ ಸಂಗತಿಗಳಲ್ಲ. ಆದರೆ ಕೆಲವರು ಸಹಿ ಹಾಕಲಿಲ್ಲ. ಆ ಕೆಲವರ ವಿಷಯ ನಾವು ತಿಳಿಯತಕ್ಕದ್ದು.

ಅವರಲ್ಲಿ ಮುಂದಾಳು ಎಡ್ವರ್ಡ್ ಟೋಲ್ಮನ್. ಚಕ್ರವ್ಯೂಹದಂಥ ದಾರಿಗಳಲ್ಲಿ ಇಲಿಗಳನ್ನು ಬಿಟ್ಟು, ಪ್ರಾಣಿಯ ಮನಸ್ಸಿನಲ್ಲಿ ದಾರಿಯ ಚಿತ್ರವೊಂದು ಮೂಡುತ್ತದೆಂದು ತೋರಿಸಿದ ಮನಶ್ಶಾಸ್ತ್ರಜ್ಞ. ಆಗ ಅವರಿಗೆ ಅರವತ್ತು ದಾಟಿತ್ತು. ಅವರು ಕಿರಿಯ ಸಹೋದ್ಯೋಗಿಗಳಿಗೆ ಕೊಟ್ಟ ಸಲಹೆ ನನಗೆ ಅವರ ನಿರಾಕರಣೆಗಿಂತಲೂ ದೊಡ್ಡದಾಗಿ ತೋರುತ್ತದೆ. ನೀವು ಸಹಿ ಹಾಕಿಬಿಡಿ, ಹೋರಾಟದ ಹೊರೆಯನ್ನು ತಾಳಬಲ್ಲ ನಮ್ಮಂಥವರಿಗೆ ಬಿಡಿ ಎಂದು ಅವರು ಹೇಳಿದರು. ತಾನು ಧೀರನಾಗುವುದಕ್ಕೆ ಇನ್ನೊಬ್ಬರ ಮನೆಯ ಒಲೆ ಆರಬಾರದೆಂಬ ವಿವೇಕ ಅದು. ಹಿರಿತನವೆಂದರೆ ಇದೇ ಅಲ್ಲವೆ?

ಇನ್ನೊಬ್ಬರು ಅರ್ನ್‌ಸ್ಟ್ ಕಾಂಟರೋವಿಚ್. ಮಧ್ಯಯುಗದ ಚರಿತ್ರೆಯಲ್ಲಿ ಪ್ರಕಾಂಡ ವಿದ್ವಾಂಸರು. ಜರ್ಮನಿಯ ಯೆಹೂದಿ ಮನೆತನದವರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಕಾದಿದವರು; ೧೯೧೯ರಲ್ಲಿ ಮ್ಯೂನಿಕ್ ನಗರದಲ್ಲಿ ಕಮ್ಯೂನಿಸ್ಟರ ವಿರುದ್ಧ ಬಂದೂಕು ಹಿಡಿದವರು. ಹಿಟ್ಲರನ ಆಳ್ವಿಕೆ ಬಂದಾಗ, ಅವನ ಹೆಸರಿನಲ್ಲಿ ಪ್ರತಿಜ್ಞೆ ಮಾಡಲೊಲ್ಲದೆ ಫ್ರಾಂಕ್‌ಫರ್ಟಿನ ಪ್ರಾಧ್ಯಾಪಕ ಪದವಿಯಿಂದ ಹಿಂದೆ ಸರಿದರು. ಕೊನೆಗೆ ದೇಶ ಬಿಟ್ಟು ಅಮೆರಿಕಕ್ಕೆ ಬಂದರು. ಅಲ್ಲಿ, ಸ್ವತಂತ್ರ ನಾಡಿನ ಬರ್ಕ್ಲಿಯಲ್ಲಿ, ಹತ್ತು ವರ್ಷ ಕಳೆಯುವಷ್ಟರಲ್ಲಿ ಮತ್ತೊಂದು ಪ್ರತಿಜ್ಞಾಪತ್ರ ಅವರ ಮೇಜಿನ ಮೇಲೆ ಬಂತು. ಈ ಮನುಷ್ಯ ಕಮ್ಯೂನಿಸ್ಟನೆಂದು ನಂಬುವುದು ಯಾರಿಗೂ ಸಾಧ್ಯವಿರಲಿಲ್ಲ. ಆದರೂ ಅವರು ಸಹಿ ಹಾಕಲಿಲ್ಲ. ಇಂಥ ಪತ್ರಗಳು ಮೊದಲು ನಿರುಪದ್ರವಿಯಾದ ಮಾತುಗಳಿಂದ ಆರಂಭವಾಗುತ್ತವೆ, ಒಮ್ಮೆ ಒಪ್ಪಿಕೊಂಡ ಮೇಲೆ ಮಾತುಗಳು ಬದಲಾಗುತ್ತವೆ ಎಂಬುದನ್ನು ಅವರು ಓದಿ ತಿಳಿದದ್ದಲ್ಲ, ಅನುಭವಿಸಿ ತಿಳಿದದ್ದು. ನಿಲುವಂಗಿ ತೊಡುವ ವೃತ್ತಿಗಳು ಮೂರು - ನ್ಯಾಯಾಧೀಶ, ಧರ್ಮಗುರು, ವಿದ್ವಾಂಸ. ಈ ಮೂವರೂ ತಮ್ಮ ಅಂತಸ್ಸಾಕ್ಷಿಗೆ ಉತ್ತರ ಹೇಳತಕ್ಕವರೇ ಹೊರತು ಕೂಲಿಗೆ ನಿಂತ ಆಳುಗಳಲ್ಲ ಎಂಬುದು ಅವರ ವಾದದ ತಿರುಳಾಗಿತ್ತು.

ಮೂರನೆಯವರು ಇಟಲಿಯಿಂದ ಬಂದಿದ್ದ ಭೌತವಿಜ್ಞಾನಿ ಜಾನ್ ಕಾರ್ಲೊ ವಿಕ್. ಇಟಲಿಯಲ್ಲಿ ಮುಸೋಲಿನಿ ೧೯೩೧ರಲ್ಲಿ ಪ್ರಾಧ್ಯಾಪಕರಿಂದ ಪ್ರತಿಜ್ಞೆಯನ್ನು ಕೇಳಿದಾಗ, ಸುಮಾರು ೧,೨೦೦ ಮಂದಿಯಲ್ಲಿ ಒಲ್ಲೆನೆಂದವರು ಹನ್ನೆರಡರಷ್ಟು ಮಂದಿ ಮಾತ್ರ. ಗಣಿತಜ್ಞ ವೀಟೊ ವೋಲ್ಟೆರ್ರ ಅವರಲ್ಲೊಬ್ಬರು. ತರುಣ ವಿಕ್ ತಮ್ಮ ದೇಶದಲ್ಲಿದ್ದಾಗ ಮನಸ್ಸಿಲ್ಲದೆ ಸಹಿ ಹಾಕಿದ್ದವರು. ಎರಡನೆಯ ಸಲ, ಬೇರೆ ಖಂಡದಲ್ಲಿ, ಅವರು ಆ ತಪ್ಪನ್ನು ಮಾಡಲಿಲ್ಲ. ಒಮ್ಮೆ ಬಾಗಿದ ಬೆನ್ನು ಮತ್ತೆ ನೆಟ್ಟಗಾಗದೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಇದೊಂದು ನಿದರ್ಶನ.

೧೯೫೦ರ ಆಗಸ್ಟ್ ೨೫ರಂದು ಆಡಳಿತ ಮಂಡಲಿ ೧೨-೧೦ ಮತಗಳಿಂದ ೩೧ ಮಂದಿ ಅಧ್ಯಾಪಕರನ್ನು ಕೆಲಸದಿಂದ ತೆಗೆಯಿತು. ಅವರಲ್ಲಿ ಒಬ್ಬರ ಮೇಲೂ ಕಮ್ಯೂನಿಸ್ಟರೆಂಬ ಆರೋಪವಿರಲಿಲ್ಲ. ಆ ಹೊತ್ತಿಗೆ ಅವರ ಅಪರಾಧ ಅವಿಧೇಯತೆಯೊಂದೇ ಆಗಿತ್ತು. ಪದನಿಮಿತ್ತವಾಗಿ ಮಂಡಲಿಯ ಸದಸ್ಯರಾಗಿದ್ದ ರಾಜ್ಯಪಾಲ ಅರ್ಲ್ ವಾರನ್ ಅಧ್ಯಾಪಕರ ಪರವಾಗಿ ಮತ ಕೊಟ್ಟರು; ಮುಂದೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿ ಹೆಸರಾದವರು ಅವರೇ.

*

ವಿದ್ಯಾಪೀಠದ ಸಂಗತಿ ಹೀಗಾಯಿತು. ಅದೇ ಹೊತ್ತಿನಲ್ಲಿ ಪತ್ರಿಕೆಗಳು ಏನು ಮಾಡುತ್ತಿದ್ದವು?

೧೯೫೦ರ ಫೆಬ್ರವರಿ ೯ರಂದು ವೆಸ್ಟ್ ವರ್ಜೀನಿಯ ರಾಜ್ಯದ ವೀಲಿಂಗ್ ಎಂಬ ಊರಿನಲ್ಲಿ ಜೋಸೆಫ್ ಮೆಕಾರ್ಥಿ ಎಂಬ ಸೆನೆಟರು ಭಾಷಣ ಮಾಡಿದರು. ಅಲ್ಲಿಯವರೆಗೆ ದೇಶದಲ್ಲಿ ಅವರ ಹೆಸರು ಹೆಚ್ಚು ಮಂದಿಗೆ ತಿಳಿದಿರಲಿಲ್ಲ. ವಿದೇಶಾಂಗ ಇಲಾಖೆಯಲ್ಲಿರುವ ೨೦೫ ಮಂದಿ ಕಮ್ಯೂನಿಸ್ಟರ ಪಟ್ಟಿ ತಮ್ಮ ಕೈಯಲ್ಲಿದೆ ಎಂದು ಅವರು ಹೇಳಿದರೆಂದು ವರದಿಯಾಯಿತು. ಸುದ್ದಿ ತಂತಿಯ ಮೇಲೆ ದೇಶವೆಲ್ಲ ಹರಡಿತು. ಕೆಲವೇ ದಿನಗಳಲ್ಲಿ ಆ ಸಂಖ್ಯೆ ೫೭ ಆಯಿತು. ಸೆನೆಟ್ಟಿನಲ್ಲಿ ಮಾತನಾಡುವಾಗ ೮೧ ಆಯಿತು. ಸಂಖ್ಯೆ ಬದಲಾಗುತ್ತಿತ್ತು, ಪಟ್ಟಿ ಮಾತ್ರ ಹೊರಗೆ ಬರಲಿಲ್ಲ. ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿ, ಅದೇ ವರ್ಷದ ಜುಲೈ ತಿಂಗಳಿನಲ್ಲಿ, ಇದೆಲ್ಲ ಕಪಟವೆಂದು ಬಹುಮತದಿಂದ ವರದಿ ಕೊಟ್ಟಿತು. ಆದರೂ ಮೆಕಾರ್ಥಿಯವರ ಪ್ರಾಬಲ್ಯ ಇನ್ನೂ ನಾಲ್ಕು ವರ್ಷ ನಡೆಯಿತು.

ಇದು ಹೇಗೆ ಸಾಧ್ಯವಾಯಿತು? ಅಮೆರಿಕದ ಪತ್ರಿಕೆಗಳ ಮೇಲೆ ಆಗ ಸರ್ಕಾರದ ನಿರ್ಬಂಧ ಯಾವುದೂ ಇರಲಿಲ್ಲ. ಕೊರತೆ ಬೇರೆ ಕಡೆ ಇತ್ತು. ಒಬ್ಬ ಸೆನೆಟರು ಒಂದು ಮಾತನ್ನು ಹೇಳಿದರೆ, 'ಹೀಗೆ ಹೇಳಿದರು' ಎಂದು ಅಚ್ಚು ಮಾಡಿಬಿಟ್ಟಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತೆಂದು ಬಹಳ ಮಂದಿ ಪತ್ರಿಕಾಕರ್ತರು ಭಾವಿಸಿದ್ದರು. ಇದಕ್ಕೆ ನಿಷ್ಪಕ್ಷಪಾತವೆಂಬ ಗೌರವದ ಹೆಸರೂ ಇತ್ತು. ಮೆಕಾರ್ಥಿಯವರಿಗೆ ಇದರ ಮರ್ಮ ಚೆನ್ನಾಗಿ ತಿಳಿದಿತ್ತು. ಪತ್ರಿಕೆ ಅಚ್ಚಿಗೆ ಹೋಗುವ ಗಳಿಗೆಗೆ ಸರಿಯಾಗಿ ಅವರು ಹೊಸ ಆರೋಪವನ್ನು ಹೊರಕ್ಕೆ ಬಿಡುವರು. ವಿಚಾರಿಸಿ ನೋಡಲು ಸಂಪಾದಕನಿಗೆ ಹೊತ್ತಿರದು. ಆರೋಪ ದಪ್ಪಕ್ಷರದಲ್ಲಿ ಮೊದಲ ಪುಟಕ್ಕೆ ಬರುವುದು. ಆರೋಪಕ್ಕೆ ಗುರಿಯಾದವನ ಉತ್ತರ ಮರುದಿನವೋ ಅದರ ಮರುದಿನವೋ ಒಳಪುಟದ ಮೂಲೆಯನ್ನು ಸೇರುವುದು. 'ಹೇಳಿದರು' ಎಂಬುದು ನಿಜ, ಹೇಳಿದ್ದು ಸುಳ್ಳು. ನಿಜದ ಅಂಗಿಯನ್ನು ತೊಟ್ಟುಕೊಂಡು ಸುಳ್ಳು ಓದುಗನ ಮನೆಗೆ ಬಂತು.

ಅಧ್ಯಾಪಕನ ಮುಚ್ಚಳಿಕೆಗೂ ಪತ್ರಿಕೆಯ ಈ ಅಭ್ಯಾಸಕ್ಕೂ ಒಳಗಿನ ನಂಟೊಂದಿದೆ. ಎರಡರಲ್ಲಿಯೂ ಯಾರೂ ಯಾರನ್ನೂ 'ಸುಳ್ಳು ಹೇಳು' ಎಂದು ಒತ್ತಾಯಿಸಲಿಲ್ಲ. 'ಸುಮ್ಮನೆ ಸಹಿ ಹಾಕು', 'ಸುಮ್ಮನೆ ಅಚ್ಚು ಹಾಕು' ಎಂದರು, ಅಷ್ಟೆ. ಪರೀಕ್ಷಿಸಿ ನೋಡುವ ಕೆಲಸವನ್ನು ಬಿಟ್ಟುಕೊಡು ಎಂಬುದೇ ಎರಡರ ಅರ್ಥ. ವಿದ್ವಾಂಸನ ಬಾಳು ನಿಂತಿರುವುದು 'ಇದಕ್ಕೆ ಆಧಾರವೇನು?' ಎಂಬ ಪ್ರಶ್ನೆಯ ಮೇಲೆ. ಪತ್ರಿಕಾಕರ್ತನ ಬಾಳು ನಿಂತಿರುವುದೂ ಅದೇ ಪ್ರಶ್ನೆಯ ಮೇಲೆ. ಒಬ್ಬ ಅದನ್ನು ಹಳೆಯ ಶಾಸನವನ್ನೋ ಓಲೆಗರಿಯನ್ನೋ ಕುರಿತು ಕೇಳುತ್ತಾನೆ. ಇನ್ನೊಬ್ಬ ನಿನ್ನೆಯ ಭಾಷಣವನ್ನು ಕುರಿತು ಕೇಳುತ್ತಾನೆ. ಪಟ್ಟಿಯನ್ನು ತೋರಿಸಿ ಎಂದು ಮೊದಲ ದಿನವೇ ಎಲ್ಲ ಪತ್ರಿಕೆಗಳೂ ಒಟ್ಟಾಗಿ ಕೇಳಿ, ಉತ್ತರ ಬರುವವರೆಗೆ ಆ ಪ್ರಶ್ನೆಯನ್ನೇ ಮೊದಲ ಪುಟದಲ್ಲಿ ಅಚ್ಚು ಹಾಕಿದ್ದರೆ ಆ ನಾಲ್ಕು ವರ್ಷಗಳ ಚರಿತ್ರೆ ಬೇರೆಯಾಗುತ್ತಿತ್ತೇನೋ.

ಕೇಳಿದವರೂ ಇದ್ದರು. ಮೆಕಾರ್ಥಿಯವರ ಸ್ವಂತ ರಾಜ್ಯದಲ್ಲಿಯೇ ಮಿಲ್ವಾಕಿ ಜರ್ನಲ್, ಕ್ಯಾಪಿಟಲ್ ಟೈಮ್ಸ್ ಪತ್ರಿಕೆಗಳು ಅವರ ಮಾತುಗಳನ್ನು ಒರೆಗೆ ಹಚ್ಚಿ ನೋಡಿದವು. ವ್ಯಂಗ್ಯಚಿತ್ರಕಾರ ಹರ್ಬ್ಲಾಕ್ ೧೯೫೦ರ ಮಾರ್ಚಿನಲ್ಲಿಯೇ ಒಂದು ಚಿತ್ರದಲ್ಲಿ 'ಮೆಕಾರ್ಥಿವಾದ' ಎಂಬ ಶಬ್ದವನ್ನು ಬರೆದು ಈ ರೋಗಕ್ಕೆ ಹೆಸರು ಕೊಟ್ಟರು. ೧೯೫೪ರ ಮಾರ್ಚ್ ೯ರಂದು ಎಡ್ವರ್ಡ್ ಮರೊ ಎಂಬ ಪ್ರಸಾರಕರು ದೂರದರ್ಶನದಲ್ಲಿ ಅರ್ಧ ಗಂಟೆಯ ಕಾರ್ಯಕ್ರಮವನ್ನು ಕೊಟ್ಟರು. ಅದರಲ್ಲಿ ಹೆಚ್ಚಿನ ಭಾಗ ಮೆಕಾರ್ಥಿಯವರದೇ ಮಾತು, ಅವರದೇ ಚಿತ್ರ. ಆ ಮಾತುಗಳ ಪಕ್ಕದಲ್ಲಿ ಸಂಗತಿಗಳನ್ನು ಇಟ್ಟು ತೋರಿಸಿದ್ದಷ್ಟೇ ಮರೊ ಮಾಡಿದ ಕೆಲಸ. ಆ ಕಾರ್ಯಕ್ರಮದ ಜಾಹೀರಾತಿಗೆ ಸಂಸ್ಥೆ ಹಣ ಕೊಡಲಿಲ್ಲ. ಮರೊ ಮತ್ತು ಅವರ ಸಹೋದ್ಯೋಗಿ ಫ್ರೆಡ್ ಫ್ರೆಂಡ್ಲಿ ತಮ್ಮ ಕೈಯಿಂದ ಕೊಟ್ಟರು. ಅದೇ ವರ್ಷದ ಡಿಸೆಂಬರ್ ೨ರಂದು ಸೆನೆಟ್ಟು ೬೭-೨೨ ಮತಗಳಿಂದ ಮೆಕಾರ್ಥಿಯವರನ್ನು ಖಂಡಿಸಿತು. ೧೯೫೭ರಲ್ಲಿ ಅವರು ತೀರಿಕೊಂಡರು.

ಇಲ್ಲಿ ಒಂದು ಕಾಲಕ್ರಮವನ್ನು ಮರೆಯಬಾರದು. ಬರ್ಕ್ಲಿಯ ಮುಚ್ಚಳಿಕೆ ಬಂದದ್ದು ೧೯೪೯ರಲ್ಲಿ. ವೀಲಿಂಗಿನ ಭಾಷಣ ಆದದ್ದು ೧೯೫೦ರಲ್ಲಿ. ಅಂದರೆ, ಭಯವನ್ನು ಹುಟ್ಟಿಸಿದವನು ಸೆನೆಟರನಲ್ಲ. ಗೌರವಸ್ಥರು ಮುನ್ನೆಚ್ಚರಿಕೆಯಿಂದ ಉತ್ತು ಹದಗೊಳಿಸಿದ್ದ ನೆಲದಲ್ಲಿ ಅವನು ಬಿತ್ತಿದ, ಅಷ್ಟೆ. ಪ್ರಜಾಪ್ರಭುತ್ವದ ಅಪಾಯಗಳನ್ನು ಕುರಿತು ಯೋಚಿಸುವಾಗ ನಾವು ಯಾವಾಗಲೂ ಒಬ್ಬ ಖಳನಾಯಕನನ್ನು ಹುಡುಕುತ್ತೇವೆ. ಅವನು ಬರುವುದಕ್ಕೆ ಮುಂಚೆಯೇ ಕಾಗದಗಳು ಸಿದ್ಧವಾಗಿರುತ್ತವೆ.

*

ಆ ೩೧ ಮಂದಿಯ ಗತಿಯೇನಾಯಿತು? ಟೋಲ್ಮನ್ ಮತ್ತು ಅವರ ಸಂಗಡಿಗರು ನ್ಯಾಯಾಲಯಕ್ಕೆ ಹೋದರು. ೧೯೫೨ರ ಅಕ್ಟೋಬರ್ ೧೭ರಂದು ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ಅವರನ್ನು ಮತ್ತೆ ತೆಗೆದುಕೊಳ್ಳಬೇಕೆಂದು ತೀರ್ಪು ಕೊಟ್ಟಿತು. ಆದರೆ ಈ ಗೆಲುವು ನಾವು ಬಯಸುವಷ್ಟು ಉಜ್ವಲವಾದದ್ದಲ್ಲ. ನ್ಯಾಯಾಲಯ ವಿಚಾರ ಸ್ವಾತಂತ್ರ್ಯದ ತತ್ತ್ವವನ್ನು ಎತ್ತಿ ಹಿಡಿಯಲಿಲ್ಲ. ಪ್ರಮಾಣವಚನದ ವಿಷಯ ರಾಜ್ಯದ ಕಾನೂನಿಗೆ ಸೇರಿದ್ದು, ವಿಶ್ವವಿದ್ಯಾನಿಲಯ ತನ್ನದೇ ಒಂದನ್ನು ಹೇರುವಂತಿಲ್ಲ ಎಂದಿತು. ಅಷ್ಟರಲ್ಲಿ ರಾಜ್ಯವೇ ತನ್ನ ನೌಕರರಿಗೆಲ್ಲ ಮತ್ತೊಂದು ಪ್ರತಿಜ್ಞೆಯನ್ನು ವಿಧಿಸಿತ್ತು. ಹಿಂದಿರುಗಿದವರು ಅದಕ್ಕೆ ಒಳಪಡಬೇಕಾಯಿತು. ಆ ಪ್ರತಿಜ್ಞೆ ಸಂವಿಧಾನಕ್ಕೆ ವಿರುದ್ಧವೆಂಬ ತೀರ್ಪು ಬಂದದ್ದು ೧೯೬೭ರಲ್ಲಿ, ಹದಿನೇಳು ವರ್ಷಗಳ ಮೇಲೆ. ಆ ವೇಳೆಗೆ ಟೋಲ್ಮನ್ ಬದುಕಿರಲಿಲ್ಲ. ಪ್ರಿನ್ಸ್‌ಟನ್ನಿಗೆ ಹೋಗಿ ನೆಲಸಿದ ಕಾಂಟರೋವಿಚ್ ಕೂಡ ಬದುಕಿರಲಿಲ್ಲ. ಬರ್ಕ್ಲಿಯವರು ಮುಂದೆ ಒಂದು ಕಟ್ಟಡಕ್ಕೆ ಟೋಲ್ಮನ್ನರ ಹೆಸರಿಟ್ಟರು. ಅಂದು ಕೆಲಸ ಕಳೆದುಕೊಂಡಿದ್ದ ತರುಣ ಭೌತವಿಜ್ಞಾನಿ ಡೇವಿಡ್ ಸ್ಯಾಕ್ಸನ್ ೧೯೭೫ರಲ್ಲಿ ಅದೇ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು.

೧೯೭೫ ಎಂದೊಡನೆ ನಮ್ಮ ಮನಸ್ಸು ಕ್ಯಾಲಿಫೋರ್ನಿಯವನ್ನು ಬಿಟ್ಟು ಮನೆಗೆ ಬರುತ್ತದೆ. ಆ ವರ್ಷದ ಜೂನ್ ೨೫ರ ರಾತ್ರಿ ದೆಹಲಿಯಲ್ಲಿ ಪತ್ರಿಕಾಲಯಗಳ ಬೀದಿಗೆ ವಿದ್ಯುತ್ತು ನಿಂತುಹೋಯಿತು. ಮರುದಿನ, ಅಚ್ಚಿಗೆ ಮುನ್ನ ಸರ್ಕಾರದ ಒಪ್ಪಿಗೆ ಬೇಕೆಂಬ ಆಜ್ಞೆ ಬಂತು. ಅಂದೇ ಬೆಂಗಳೂರಿನಲ್ಲಿ ವಿರೋಧ ಪಕ್ಷಗಳ ಮುಖಂಡರನ್ನು ಹಿಡಿದು ಇಲ್ಲಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಆ ಸೆರೆಮನೆಯ ನೆಲವೇ ಇಂದಿನ ಸ್ವಾತಂತ್ರ್ಯ ಉದ್ಯಾನ. ಜೂನ್ ೨೮ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಬರಿದಾಗಿ ಬಿಟ್ಟಿತು. ಅದೇ ದಿನ ಮುಂಬಯಿಯ ಟೈಮ್ಸ್ ಆಫ್ ಇಂಡಿಯದ ಮರಣವಾರ್ತೆಗಳ ನಡುವೆ ಒಂದು ಚಿಕ್ಕ ಜಾಹೀರಾತು ಕಾಣಿಸಿತು: ಸತ್ಯದ ಪತಿ, ಸ್ವಾತಂತ್ರ್ಯದ ತಂದೆಯಾದ 'ಡೆಮಾಕ್ರಸಿ' ತೀರಿಕೊಂಡನೆಂದು, ಹೆಸರುಗಳ ಅಕ್ಷರಗಳನ್ನು ಒಡೆದು, ಅಪರಿಚಿತನೊಬ್ಬನ ಸಾವಿನ ಸುದ್ದಿಯಂತೆ ಅದನ್ನು ಬರೆದಿತ್ತು. ಜಾಹೀರಾತನ್ನು ತೆಗೆದುಕೊಂಡ ಗುಮಾಸ್ತನಿಗೆ ಅದು ಗೊತ್ತಾಗಲಿಲ್ಲ, ಓದುಗನಿಗೆ ಗೊತ್ತಾಯಿತು. ಬಳಿಕ ಬರಿದಾದ ಜಾಗವನ್ನು ಬಿಡುವುದನ್ನೂ ನಿಷೇಧಿಸಿದರು. ಮಾತು ಮಾತ್ರವಲ್ಲ, ಮೌನವೂ ಸಹಿ ಹಾಕಿರಬೇಕೆಂಬುದು ಅದರ ಅರ್ಥ.

ಮರುವರ್ಷ, ಏಪ್ರಿಲ್ ೨೮ರಂದು, ಸೆರೆಯಲ್ಲಿಟ್ಟವನು ತನ್ನ ಸೆರೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ತೀರ್ಪಿತ್ತರು. ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ೧೯೭೭ರ ಜನವರಿಯಲ್ಲಿ ಅವರನ್ನು ಬಿಟ್ಟು ಕಿರಿಯರೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಗಿ, ಅವರು ರಾಜೀನಾಮೆ ಕೊಟ್ಟು ಹೊರಬಂದರು. ಖನ್ನಾ ಹಿಡಿದ ಪಕ್ಷವೇ ಸರಿಯೆಂದು ಅದೇ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ಸಾರಿದ್ದು ೨೦೧೭ರ ಆಗಸ್ಟ್ ೨೪ರಂದು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದನ್ನು ಕನ್ನಡಿಗರು ನೆನೆಯಬಹುದು. ಅಲ್ಲಿ ಹದಿನೇಳು ವರ್ಷ, ಇಲ್ಲಿ ನಾಲ್ವತ್ತೊಂದು. ಸತ್ಯಕ್ಕೆ ಜಯವುಂಟೆಂದು ನಾವು ನಂಬುತ್ತೇವೆ. ಅದು ಬರುವ ಹೊತ್ತಿಗೆ ಕಾದು ಕುಳಿತವರೆಲ್ಲ ಉಳಿದಿರುವುದಿಲ್ಲ ಎಂಬುದನ್ನೂ ಆ ನಂಬಿಕೆಯ ಜೊತೆಗೆ ಇಟ್ಟುಕೊಳ್ಳಬೇಕು.

*

ಇದೆಲ್ಲ ಸಂಪಾದಕರ, ಪ್ರಾಧ್ಯಾಪಕರ, ನ್ಯಾಯಾಧೀಶರ ಮಾತಾಯಿತು. ಸಾಮಾನ್ಯ ಓದುಗನಿಗೆ ಇದರಿಂದೇನು ಎಂದು ಕೇಳಬಹುದು. ಸಂವಿಧಾನ ರಚನಾ ಸಭೆಯಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ಬೇರೆಯಾದ ಒಂದು ವಿಧಿ ಬೇಕೆಂಬ ಸಲಹೆ ಬಂದಾಗ ಡಾ. ಅಂಬೇಡ್ಕರರು ಒಪ್ಪಲಿಲ್ಲ. ಪತ್ರಿಕೆಯೆಂದರೆ ಪ್ರಜೆಯ ಮತ್ತೊಂದು ಹೆಸರು. ಪ್ರಜೆಗೆ ಇರದ ಯಾವ ವಿಶೇಷ ಹಕ್ಕೂ ಅದಕ್ಕಿಲ್ಲ. ಸಂಪಾದಕನು ಬರೆಯುವಾಗ ಪ್ರಜೆಯ ಹಕ್ಕನ್ನೇ ಚಲಾಯಿಸುತ್ತಾನೆ ಎಂಬುದು ಅವರ ನಿಲುವು. ಹಕ್ಕು ಪ್ರಜೆಯದಾದರೆ ಹೊಣೆಯೂ ಪ್ರಜೆಯದೇ. ಇಂದು ಈ ಮಾತು ಅಂದಿಗಿಂತ ಹೆಚ್ಚು ನಿಜವಾಗಿದೆ. ಎಲ್ಲರ ಅಂಗೈಯಲ್ಲಿಯೂ ಒಂದೊಂದು ಮುದ್ರಣಾಲಯವಿದೆ. 'ಹೀಗಂತೆ' ಎಂದು ಬಂದದ್ದನ್ನು ಹೆಬ್ಬೆರಳಿನಿಂದ ಒತ್ತಿ ನೂರು ಮಂದಿಗೆ ಕಳುಹಿಸುವವನು, ವೀಲಿಂಗಿನ ಸುದ್ದಿಯನ್ನು ತಂತಿಯ ಮೇಲೆ ಕಳುಹಿಸಿದವನ ಕೆಲಸವನ್ನೇ ಮಾಡುತ್ತಿದ್ದಾನೆ. ಪಟ್ಟಿ ಎಲ್ಲಿದೆ ಎಂದು ಅವನೂ ಕೇಳಿಲ್ಲ.

ಸಹಿ ಹಾಕದೆ ಇರುವ ಶಕ್ತಿ ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಇರುವುದಿಲ್ಲ. ಟೋಲ್ಮನ್ ಅದನ್ನು ಬಲ್ಲರು. ಆದುದರಿಂದಲೇ ಕಿರಿಯರನ್ನು ಹಳಿಯಲಿಲ್ಲ. ಆದರೆ ಅಷ್ಟು ದೊಡ್ಡ ಪರೀಕ್ಷೆಗೆ ಮೊದಲು ಸಣ್ಣ ಸಣ್ಣ ಪರೀಕ್ಷೆಗಳು ಬರುತ್ತಿರುತ್ತವೆ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತು, 'ನೀವು ಹೇಳಿದ್ದಕ್ಕೆ ಆಧಾರವೇನು?' ಎಂದು ಕೇಳುತ್ತಾನೆ. ಆ ಕ್ಷಣ ಅಧ್ಯಾಪಕನಿಗೆ ಸ್ವಲ್ಪ ಇರಿಸುಮುರಿಸಾಗುವುದುಂಟು, ನನಗೂ ಆಗಿದೆ. 'ಕೂತುಕೋ' ಎಂದುಬಿಟ್ಟರೆ ಗಂಟೆ ಸುಗಮವಾಗಿ ಮುಗಿಯುತ್ತದೆ. ಆದರೆ ಹಾಗೆಂದ ದಿನ ನಾವು ಆ ಹುಡುಗನ ಕೈಯಿಂದ, ಅವನಿಗೂ ತಿಳಿಯದಂತೆ, ಮೊದಲನೆಯ ಮುಚ್ಚಳಿಕೆಯನ್ನು ಬರೆಯಿಸಿಕೊಂಡಿರುತ್ತೇವೆ. ಇಪ್ಪತ್ತು ವರ್ಷಗಳ ಮೇಲೆ ಇನ್ನಾರೋ ಎರಡನೆಯದನ್ನು ಅವನ ಮುಂದೆ ಇಟ್ಟಾಗ, ಸಹಿ ಹಾಕುವುದು ಅವನಿಗೆ ಅಭ್ಯಾಸವಾಗಿರುತ್ತದೆ.